ಅರ್ಜಿಯಲ್ಲಿ ನ್ಯಾಯಾಧೀಶರ ಬಗ್ಗೆ ಬರೆಯುವ ಮುಂಚೆ: ವಕೀಲರಿಗೂ ಕಕ್ಷಿದಾರರಿಗೂ ಒಂದು ಮಾರ್ಗದರ್ಶಿ

‘ಸರ್, ಜಡ್ಜ್ ಎದುರು ಪಾರ್ಟಿ ಕಡೆ ವಾಲಿದ್ದಾರೆ. ಇದನ್ನ ಅರ್ಜಿಯಲ್ಲೇ ಬರೆದುಬಿಡೋಣವಾ?’

ಈ ಪ್ರಶ್ನೆ ನನಗೆ ಇಬ್ಬರಿಂದ ಬರುತ್ತದೆ. ಸಿಟಿ ಸಿವಿಲ್ ಕೋರ್ಟಿನ ಹಾಲ್‌ನಿಂದ ಆಗ ತಾನೆ ಹೊರಗೆ ಬಂದು, ಸಿಟ್ಟಲ್ಲಿ ನಡುಗುತ್ತಾ ನಿಂತಿರುವ ಕಕ್ಷಿದಾರರಿಂದ. ಎನ್‌ರೋಲ್ ಆಗಿ ಎರಡು ಮೂರು ವರ್ಷವಾದ ಜೂನಿಯರ್‌ಗಳಿಂದ. ಜೂನಿಯರ್‌ಗಳಲ್ಲಿ ಕೆಲವರು ಬರೆದು, ಸಹಿ ಹಾಕಿ, ಫೈಲ್ ಮಾಡಿ, ಆಮೇಲೆ ರಾತ್ರಿ ಫೋನ್ ಮಾಡುತ್ತಾರೆ. ಅವರ ದನಿಯಲ್ಲಿರುವ ಭಯ ಕೇಳಿದರೆ ಹೊಟ್ಟೆ ಉರಿಯುತ್ತದೆ. ಮುಂಚೆ ಯಾರಾದರೂ ಕೂರಿಸಿಕೊಂಡು ಹೇಳಿಕೊಟ್ಟಿದ್ದರೆ ಅದು ಆಗುತ್ತಲೇ ಇರಲಿಲ್ಲ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನ್ಯಾಯಾಧೀಶರನ್ನು ಟೀಕಿಸಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಆದೇಶ ತಪ್ಪಾಗಿದ್ದರೆ ತಪ್ಪು ಅಂತ ಬರೆಯೋದೇ ನಮ್ಮ ಕೆಲಸ. ಪ್ರತಿಯೊಂದು ಮೇಲ್ಮನವಿಯೂ ಅದೇ ಅಲ್ವಾ? ಆದೇಶವನ್ನು ಬಿಟ್ಟು ಅದನ್ನು ಬರೆದವರ ಮೇಲೆ ಪೆನ್ನು ಹೋದಾಗ ಕಷ್ಟ ಶುರುವಾಗುತ್ತದೆ. ನ್ಯಾಯಾಧೀಶರ ಮೇಲೇ ನಿಜವಾದ ದೂರು ಇದ್ದರೆ ಅದಕ್ಕೆ ಬೇರೆ ಬಾಗಿಲು ಇದೆ. ಆ ಬಾಗಿಲು ಯಾವುದು ಅಂತ ಮುಂದೆ ಹೇಳುತ್ತೇನೆ.

ಕಾನೂನು ಏನು ಹೇಳುತ್ತದೆ

1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲಿ ಎರಡು ಬಗೆಯ ನಿಂದನೆ ಇವೆ. ಕೋರ್ಟಿನ ಆದೇಶವನ್ನು ಬೇಕಂತಲೇ ಪಾಲಿಸದಿರೋದು ಸಿವಿಲ್ ನಿಂದನೆ. ನಮಗೆ ಇಲ್ಲಿ ಬೇಕಾದ್ದು ಇನ್ನೊಂದು, ಕ್ರಿಮಿನಲ್ ನಿಂದನೆ. ಕೋರ್ಟಿನ ಮಾನ ಕಳೆಯುವಂಥ, ಅದರ ಅಧಿಕಾರವನ್ನು ಕುಗ್ಗಿಸುವಂಥ, ನ್ಯಾಯದ ಕೆಲಸಕ್ಕೆ ಅಡ್ಡ ಬರುವಂಥ ಮಾತು ಅಥವಾ ಬರಹ ಇದರಲ್ಲಿ ಬರುತ್ತದೆ. ಅರ್ಜಿಯೂ ಬರಹವೇ. ‘ಕೋರ್ಟಿಗೇ ಕೊಟ್ಟ ಕಾಗದ, ಪೇಪರ್‌ನಲ್ಲಿ ಹಾಕಿಸಿಲ್ಲವಲ್ಲ’ ಅನ್ನೋ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ಶಿಕ್ಷೆ 6 ತಿಂಗಳವರೆಗೆ ಸಾದಾ ಸೆರೆವಾಸ, ಅಥವಾ 2000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡದ ಮೊತ್ತ ನೋಡಿ ‘ಇಷ್ಟೇನಾ’ ಅಂದುಕೊಳ್ಳಬೇಡಿ. ವಕೀಲರಿಗೆ ಇದರ ಜೊತೆ ಬಾರ್ ಕೌನ್ಸಿಲ್‌ನ ಶಿಸ್ತು ಕ್ರಮವೂ ಇದೆ. 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ಛೀಮಾರಿ ಹಾಕಬಹುದು, ಕೆಲವು ಕಾಲ ಸನ್ನದು ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ನಮ್ಮಲ್ಲಿ ಈ ದೂರುಗಳು ಹೋಗುವುದು ಡಾ. ಅಂಬೇಡ್ಕರ್ ವೀದಿಯ ಹಳೆ ಕೆಜಿಐಡಿ ಕಟ್ಟಡದಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ. ನಿಂದನೆ ಕೇಸಿನಲ್ಲೇ ಕೋರ್ಟು ನೇರವಾಗಿ ಸನ್ನದು ಕಿತ್ತುಕೊಳ್ಳುವಂತಿಲ್ಲ, ಅದು ಬಾರ್ ಕೌನ್ಸಿಲ್‌ನ ಕೆಲಸ ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ಸ್ಪಷ್ಟಪಡಿಸಿದೆ. ಆದರೂ ನಿಂದನೆಯ ತೀರ್ಪು ಕೈಯಲ್ಲಿದ್ದಾಗ ಬಾರ್ ಕೌನ್ಸಿಲ್ ಮುಂದೆ ನಿಲ್ಲೋದು ಸುಲಭವಲ್ಲ.

‘ನಿಜವನ್ನೇ ಬರೆದರೆ ಏನು ತಪ್ಪು?’ ಅಂತ ತುಂಬಾ ಜನ ಕೇಳುತ್ತಾರೆ. 2006ರ ತಿದ್ದುಪಡಿ ಆದಮೇಲೆ ಸತ್ಯವೂ ಒಂದು ಸಮರ್ಥನೆ. ಆದರೆ ಅದು ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಪ್ರಾಮಾಣಿಕವಾಗಿ ಎತ್ತಿದ್ದಾಗಿರಬೇಕು, ಕೋರ್ಟಿಗೆ ಎರಡೂ ಮನವರಿಕೆ ಆಗಬೇಕು. ನಿಮಗೆ ಮನಸ್ಸಿನಲ್ಲಿ ಗೊತ್ತಿದ್ದರೆ ಸಾಲದು, ಕಾಗದದಲ್ಲಿ ತೋರಿಸಬೇಕು.

ಶುರು ಮಾಡುವ ಮುಂಚೆ ಕೈಯಲ್ಲಿ ಏನಿರಬೇಕು

ಆದೇಶದ ಸರ್ಟಿಫೈಡ್ ಕಾಪಿ. ಮೊದಲ ದಿನದಿಂದ ಇವತ್ತಿನವರೆಗಿನ ಪೂರ್ತಿ ಆರ್ಡರ್ ಶೀಟ್, ಅಂದರೆ ಪ್ರತಿ ತಾರೀಖಿಗೆ ಕೋರ್ಟಿನಲ್ಲಿ ಏನಾಯಿತು ಅಂತ ಬರೆದಿಡುವ ಹಾಳೆಗಳು. ನಿಮ್ಮ ಡೈರಿ. ಕಕ್ಷಿದಾರರು ಸಹಿ ಹಾಕಿ ಕೊಟ್ಟ ಸೂಚನೆ. ಇದೆಲ್ಲದರ ಜೊತೆ, ಬರೆದ ದಿನವೇ ಫೈಲ್ ಮಾಡದೆ ಒಂದು ರಾತ್ರಿ ಕಾಯುವಷ್ಟು ಸಮಯ.

1. ಸಿಟ್ಟು ಯಾವುದರ ಮೇಲೆ ಅಂತ ಬೇರೆ ಮಾಡಿ

ಒಂದು ಖಾಲಿ ಹಾಳೆ ತೆಗೆದುಕೊಳ್ಳಿ. ಕಕ್ಷಿದಾರರು ಹೇಳಿದ್ದನ್ನೆಲ್ಲ ಮೂರು ಸಾಲಿನಲ್ಲಿ ಹಂಚಿ.

ಮೊದಲ ಸಾಲು ಆದೇಶದ ತಪ್ಪು: ಸಾಕ್ಷಿಯನ್ನು ನೋಡಲಿಲ್ಲ, ದಾಖಲೆ ತಪ್ಪಾಗಿ ಓದಿದರು, ಕಾನೂನು ತಪ್ಪಾಗಿ ಅನ್ವಯಿಸಿದರು. ಎರಡನೆಯದು ಕಲಾಪ ನಡೆಸಿದ ರೀತಿ: ನಮಗೆ ವಾದಕ್ಕೆ ಅವಕಾಶ ಕೊಡಲಿಲ್ಲ, ಪಾಟೀ ಸವಾಲನ್ನು ಅರ್ಧಕ್ಕೇ ನಿಲ್ಲಿಸಿದರು. ಮೂರನೆಯದು ಪ್ರಾಮಾಣಿಕತೆ: ದುಡ್ಡು ತೆಗೆದುಕೊಂಡಿದ್ದಾರೆ, ಎದುರು ಪಾರ್ಟಿಯ ನೆಂಟರು, ಹೊರಗೆ ಭೇಟಿಯಾಗಿದ್ದಾರೆ.

ಮೊದಲ ಸಾಲಿನದ್ದು ಮೇಲ್ಮನವಿಗೆ ಅಥವಾ ಪುನರ್‌ಪರಿಶೀಲನೆಗೆ ಹೋಗುತ್ತದೆ. ಎರಡನೆಯದೂ ಅಲ್ಲಿಗೇ ಹೋಗಬಹುದು, ಆದರೆ ದಾಖಲೆ ಬೇಕು. ಮೂರನೆಯದು ಈ ಅರ್ಜಿಗೆ ಸೇರಿದ್ದೇ ಅಲ್ಲ. ಮೂರನ್ನೂ ಒಂದೇ ಪ್ಯಾರಾದಲ್ಲಿ ಕಲಸಿಬಿಟ್ಟರೆ, ಮೂರನೆಯದರಿಂದ ಮೊದಲ ಎರಡೂ ಹಾಳಾಗುತ್ತವೆ. ಒಳ್ಳೆ ಗ್ರೌಂಡ್ ಇರುವ ಅರ್ಜಿಯನ್ನು ಓದುವವರ ಗಮನ ಒಂದು ಕೆಟ್ಟ ವಾಕ್ಯದ ಮೇಲೇ ನಿಂತುಬಿಡುತ್ತದೆ.

ನನ್ನ ಅನುಭವದಲ್ಲಿ ಮೂರನೆಯ ಸಾಲಿನಲ್ಲಿ ಬರೆದದ್ದು ಬಹುತೇಕ ಸಲ ಎರಡನೆಯದ್ದೇ ಆಗಿರುತ್ತದೆ. ನ್ಯಾಯಾಧೀಶರು ರೇಗಿರುತ್ತಾರೆ, ಕಕ್ಷಿದಾರರು ಅದನ್ನು ‘ದುಡ್ಡು ತಿಂದಿದ್ದಾರೆ’ ಅಂತ ಅರ್ಥ ಮಾಡಿಕೊಂಡಿರುತ್ತಾರೆ. ಕೂತು ಸಮಾಧಾನವಾಗಿ ಕೇಳಿದರೆ ಅವರೇ ಒಪ್ಪಿಕೊಳ್ಳುತ್ತಾರೆ.

2. ದಾಖಲೆ ಏನು ಹೇಳುತ್ತದೆ ನೋಡಿ, ಇಲ್ಲದಿದ್ದರೆ ಬೇಗ ದಾಖಲಿಸಿ

ಜೂನಿಯರ್‌ಗಳು ಜಾಸ್ತಿ ಎಡವುವುದು ಇಲ್ಲೇ. ‘ನಾನು ವಾದ ಮಾಡಿದ್ದೆ, ಆದೇಶದಲ್ಲಿ ಅದರ ಸುದ್ದಿಯೇ ಇಲ್ಲ’, ‘ನಾನು ಒಪ್ಪಿರಲೇ ಇಲ್ಲ, ಒಪ್ಪಿದೆ ಅಂತ ಬರೆದಿದ್ದಾರೆ’ ಎಂದು ಆರು ತಿಂಗಳ ನಂತರ ಮೇಲ್ಮನವಿಯಲ್ಲಿ ಬರೆಯುತ್ತಾರೆ.

1982ರ ರಾಮದಾಸ್ ಶ್ರೀನಿವಾಸ್ ನಾಯಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನೆನಪಿಟ್ಟುಕೊಳ್ಳಿ. ಕೋರ್ಟಿನಲ್ಲಿ ಏನು ನಡೆಯಿತು ಎಂದು ನ್ಯಾಯಾಧೀಶರು ತೀರ್ಪಿನಲ್ಲಿ ಬರೆದದ್ದೇ ಅಂತಿಮ. ಅದಕ್ಕೆ ವಿರುದ್ಧವಾಗಿ ಅಫಿಡವಿಟ್ ಹಾಕಿ ಮೇಲಿನ ಕೋರ್ಟಿನಲ್ಲಿ ವಾದಿಸುವಂತಿಲ್ಲ. ತಪ್ಪಾಗಿ ದಾಖಲಾಗಿದ್ದರೆ, ವಿಷಯ ನ್ಯಾಯಾಧೀಶರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿರುವಾಗಲೇ ಅವರ ಮುಂದೆ ಹೋಗಿ ಸರಿಪಡಿಸಿಕೊಳ್ಳಬೇಕು.

ಹಾಗಾಗಿ ಮಾಡಬೇಕಾದ್ದು ಇಷ್ಟು. ಆದೇಶ ಕೈಗೆ ಬಂದ ತಕ್ಷಣ ಓದಿ. ತಪ್ಪು ಕಂಡರೆ ಆ ವಾರವೇ ಅದೇ ಹಾಲ್‌ನಲ್ಲಿ ಒಂದು ಮೆಮೊ ಹಾಕಿ. ಮೆಮೊ ಅಂದರೆ ಕೋರ್ಟಿನ ಗಮನಕ್ಕೆ ಒಂದು ವಿಷಯ ತರುವ ಚಿಕ್ಕ ಕಾಗದ. ‘ತಾರೀಖು ಇಂತಿಂಥದ್ದರಂದು ಅರ್ಜಿದಾರರ ಪರ ಈ ಎರಡು ಅಂಶಗಳನ್ನು ವಾದಿಸಲಾಗಿತ್ತು. ಆದೇಶದ ಇಂಥ ಪ್ಯಾರಾದಲ್ಲಿ ಅವು ಕಾಣುತ್ತಿಲ್ಲ. ಕೋರ್ಟು ದಯವಿಟ್ಟು ಪರಿಶೀಲಿಸಬೇಕು’ ಎಂದರೆ ಸಾಕು. ಸಿಟ್ಟಿನ ಒಂದು ಪದವೂ ಬೇಡ. ಕಾನೂನಿನ ಪ್ರಕಾರ ಪುನರ್‌ಪರಿಶೀಲನೆಯೇ ಬೇಕಾಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 47ರ ಅಡಿ ಹಾಕಿ. ಸುಪ್ರೀಂ ಕೋರ್ಟನ್ನು ಬಿಟ್ಟು ಬೇರೆ ಕೋರ್ಟುಗಳಲ್ಲಿ ಅದಕ್ಕೆ 30 ದಿನದ ಗಡುವು ಇದೆ.

ಇನ್ನೊಂದು ಎಚ್ಚರಿಕೆ. ಕರ್ನಾಟಕ ಹೈಕೋರ್ಟಿನ ಕಲಾಪ ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಆಗುತ್ತದೆ ಅಂತ ಅದರಿಂದ ತುಣುಕು ಕತ್ತರಿಸಿ ಅರ್ಜಿಗೆ ಅಂಟಿಸಬೇಡಿ. ನೇರ ಪ್ರಸಾರದ ನಿಯಮಗಳ ಪ್ರಕಾರ ಅನುಮತಿ ಇಲ್ಲದೆ ಅದನ್ನು ಯಾರೂ ರೆಕಾರ್ಡ್ ಮಾಡುವಂತಿಲ್ಲ, ಹಂಚುವಂತಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಇಂಥ ತುಣುಕುಗಳು ಊರೆಲ್ಲ ಹರಿದಾಡಿ, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದು ಎಲ್ಲರಿಗೂ ನೆನಪಿದೆ. ಕಲಾಪದಲ್ಲಿ ಆಡಿದ ಮಾತು ನಿಮ್ಮ ಕೇಸಿಗೆ ಬೇಕೇ ಬೇಕು ಅನ್ನಿಸಿದರೆ, ಮೊದಲು ಅನುಮತಿ ಕೇಳಿ ಅರ್ಜಿ ಹಾಕಿ.

3. ವಾಕ್ಯಗಳನ್ನು ಒಂದೊಂದಾಗಿ ಹಿಡಿದು ತಿದ್ದಿ

ನಾನು ಜೂನಿಯರ್ ಆಗಿದ್ದಾಗ ಒಂದು ವರ್ಗಾವಣೆ ಅರ್ಜಿ, ಅಂದರೆ ಕೇಸನ್ನು ಬೇರೆ ಕೋರ್ಟಿಗೆ ಕಳಿಸಿ ಅಂತ ಕೇಳುವ ಅರ್ಜಿ, ಬರೆದಿದ್ದೆ. ‘ಮಾನ್ಯ ನ್ಯಾಯಾಧೀಶರು ಪ್ರತಿವಾದಿಯೊಂದಿಗೆ ಶಾಮೀಲಾಗಿದ್ದಾರೆ’ ಅನ್ನೋ ವಾಕ್ಯ ಅದರ ಎದೆಯಲ್ಲೇ ಇತ್ತು. ನನ್ನ ಸೀನಿಯರ್ ಕನ್ನಡಕ ಮೇಲೇರಿಸಿ ಮೂರೇ ಪ್ರಶ್ನೆ ಕೇಳಿದರು. ‘ಯಾವ ತಾರೀಖು? ಎಲ್ಲಿ? ನೋಡಿದ್ದು ಯಾರು?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಆ ವಾಕ್ಯ ಹೊಡೆದುಹಾಕಿ ಆರ್ಡರ್ ಶೀಟ್ ತರಿಸಿದರು. ನಾಲ್ಕು ತಾರೀಖುಗಳಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದರು. ನಾಲ್ಕರಲ್ಲೂ ನಮ್ಮ ಮಧ್ಯಂತರ ಅರ್ಜಿ ಮುಂದಕ್ಕೆ ಹೋಗಿತ್ತು. ಅದೇ ದಿನಗಳಲ್ಲಿ ಎದುರು ಪಾರ್ಟಿಯದ್ದು ವಿಚಾರಣೆಯಾಗಿ ಆದೇಶವೂ ಆಗಿತ್ತು. ಅರ್ಜಿಯಲ್ಲಿ ಕೊನೆಗೆ ಉಳಿದದ್ದು ಆ ನಾಲ್ಕು ತಾರೀಖು ಮಾತ್ರ. ನನ್ನ ವಾಕ್ಯಕ್ಕಿಂತ ಅವು ಎಷ್ಟೋ ಪಾಲು ಗಟ್ಟಿಯಾಗಿ ಮಾತಾಡಿದವು.

ಆ ಮೂರು ಪ್ರಶ್ನೆಗಳನ್ನು ಇವತ್ತಿಗೂ ಪ್ರತಿ ಡ್ರಾಫ್ಟಿಗೂ ಕೇಳುತ್ತೇನೆ. ನೀವೂ ಕೇಳಿಕೊಳ್ಳಿ. ಅರ್ಜಿ ಇಂಗ್ಲಿಷ್‌ನಲ್ಲಿರಲಿ, ಕನ್ನಡದಲ್ಲಿರಲಿ, ತಿದ್ದುವ ಕ್ರಮ ಒಂದೇ.

ವಾಕ್ಯದ ಕರ್ತೃವನ್ನು ಬದಲಿಸಿ. ‘ನ್ಯಾಯಾಧೀಶರು ದಾಖಲೆಯನ್ನು ಬೇಕಂತಲೇ ಮುಚ್ಚಿಟ್ಟರು’ ಅಂತಿದ್ದರೆ, ‘ನಿಶಾನೆ ಪಿ 7 ಅನ್ನು ಆದೇಶ ಎಲ್ಲೂ ಚರ್ಚಿಸಿಲ್ಲ’ ಅಂತ ಮಾಡಿ (ನಿಶಾನೆ ಅಂದರೆ ಕೋರ್ಟು ಗುರುತು ಹಾಕಿದ ದಾಖಲೆ). ಎರಡನೇ ವಾಕ್ಯವನ್ನು ಯಾರೂ ಅಲ್ಲಗಳೆಯಲಾರರು, ಮೊದಲನೆಯದನ್ನು ನೀವು ಸಾಬೀತು ಮಾಡಲಾರಿರಿ.

ಮನಸ್ಸಿನ ಒಳಗೆ ಹೋಗಬೇಡಿ. ‘ಬೇಕಂತಲೇ’, ‘ದುರುದ್ದೇಶದಿಂದ’, ‘ಮೊದಲೇ ತೀರ್ಮಾನ ಮಾಡಿಕೊಂಡು’, ‘ಯಾರದೋ ಒತ್ತಡಕ್ಕೆ ಮಣಿದು’ ಇವೆಲ್ಲ ಇನ್ನೊಬ್ಬರ ತಲೆಯೊಳಗೆ ಏನಿತ್ತು ಅಂತ ಹೇಳುವ ಪದಗಳು. ಡ್ರಾಫ್ಟಿನಲ್ಲಿ ಇವು ಸಿಕ್ಕಿದ ಕಡೆಯೆಲ್ಲ ಸುತ್ತು ಹಾಕಿ. ಸಂಹಿತೆಯ ಆದೇಶ 6 ನಿಯಮ 4ರ ಪ್ರಕಾರ ವಂಚನೆಯಂಥ ಆರೋಪ ಮಾಡಿದರೆ ತಾರೀಖು ಸಮೇತ ವಿವರ ಕೊಡಲೇಬೇಕು. ಎದುರು ಪಾರ್ಟಿ ಮೇಲೆ ಆರೋಪ ಮಾಡಿದಾಗಲೇ ಅಷ್ಟು ವಿವರ ಬೇಕು ಅಂದಮೇಲೆ, ನ್ಯಾಯಾಧೀಶರ ವಿಷಯದಲ್ಲಿ ಕೇಳಬೇಕೇ?

ಕಾನೂನಿನ ಪದಕ್ಕೂ ಬೈಗುಳಕ್ಕೂ ವ್ಯತ್ಯಾಸ ತಿಳಿದುಕೊಳ್ಳಿ. ‘ಆದೇಶ ಪರ್ವರ್ಸ್ ಆಗಿದೆ’ ಅನ್ನಬಹುದು. ಸಾಕ್ಷಿಯೇ ಇಲ್ಲದೆ ಅಥವಾ ಇದ್ದ ಸಾಕ್ಷಿ ಬಿಟ್ಟು ತೀರ್ಮಾನಕ್ಕೆ ಬಂದಿದೆ ಅಂತ ಅದರ ಅರ್ಥ. ‘ವಿವೇಚನೆ ಬಳಸಿಲ್ಲ’, ‘ಸಹಜ ನ್ಯಾಯದ ತತ್ವಕ್ಕೆ ವಿರುದ್ಧ’, ‘ಕಾನೂನು ತಪ್ಪಾಗಿ ಗ್ರಹಿಸಿದೆ’ ಇವೂ ದಿನಾ ಬಳಸುವ ಪದಗಳೇ. ಇವನ್ನು ಆದೇಶದ ಮೇಲೆ ಬಳಸಿ, ವ್ಯಕ್ತಿಯ ಮೇಲೆ ಬಳಸಬೇಡಿ. ‘ನ್ಯಾಯಾಧೀಶರಿಗೆ ಕಾನೂನಿನ ಅ ಆ ಇ ಈ ಗೊತ್ತಿಲ್ಲ’ ಅಂತ ಬರೆದ ಒಂದು ಡ್ರಾಫ್ಟ್ ನೋಡಿದ್ದೇನೆ. ಅದನ್ನೇ ‘ಈ ಅಂಶದ ಮೇಲಿನ ಸುಪ್ರೀಂ ಕೋರ್ಟಿನ ಈ ತೀರ್ಪನ್ನು ಆದೇಶ ಗಮನಿಸಿಲ್ಲ’ ಅಂತ ತಿದ್ದಿದೆವು. ವಿಷಯ ಅದೇ. ಮೇಲಿನ ಕೋರ್ಟಿಗೆ ಉಪಯೋಗವಾಗುವುದು ಎರಡನೆಯದು.

‘ಮಾನ್ಯ’ ಅಂತ ಸೇರಿಸಿದರೆ ಕೆಟ್ಟ ವಾಕ್ಯ ಒಳ್ಳೆಯದಾಗುವುದಿಲ್ಲ. ‘ಅತ್ಯಂತ ಗೌರವದಿಂದ ಹೇಳುವುದೇನೆಂದರೆ’ ಅಂತ ಶುರು ಮಾಡಿ ಲಂಚದ ಮಾತು ಬರೆದರೂ ಅದು ಲಂಚದ ಆರೋಪವೇ.

ಹೀಗೆ ತಿದ್ದದೆ ಬಿಟ್ಟರೆ ನಿಂದನೆ ಕೇಸು ಆಗದಿದ್ದರೂ, ಆದೇಶ 6 ನಿಯಮ 16ರ ಅಡಿ ಆ ಪ್ಯಾರಾಗಳನ್ನೇ ಕೋರ್ಟು ಹೊಡೆದುಹಾಕಬಹುದು. ಅನಗತ್ಯ, ಮಾನಗೇಡಿ, ಹುರುಳಿಲ್ಲದ ಮಾತುಗಳನ್ನು ಪ್ಲೀಡಿಂಗ್‌ನಿಂದ, ಅಂದರೆ ವಾದಪತ್ರ ಪ್ರತಿವಾದಪತ್ರಗಳಿಂದ, ಯಾವ ಹಂತದಲ್ಲಾದರೂ ತೆಗೆಸುವ ಅಧಿಕಾರ ಅದು.

4. ಸಹಿ ಹಾಕುವ ಮುಂಚೆ: ಅದು ನಿಮ್ಮದೂ ಮಾತು

‘ಕಕ್ಷಿದಾರರು ಹೇಳಿದ್ದು, ನಾನು ಬರೆದೆ ಅಷ್ಟೆ’ ಅನ್ನೋ ಉತ್ತರ 70 ವರ್ಷದ ಹಿಂದೆಯೇ ಬಿದ್ದುಹೋಗಿದೆ. ನಾಗಪುರ ಹೈಕೋರ್ಟಿಗೆ ಸಂಬಂಧಿಸಿದ ಎಂ. ವೈ. ಶರೀಫ್ ಪ್ರಕರಣದಲ್ಲಿ, 1954ರಲ್ಲಿ, ಸುಪ್ರೀಂ ಕೋರ್ಟ್ ಇದನ್ನು ತೀರ್ಮಾನಿಸಿತು. ನ್ಯಾಯಾಧೀಶರ ಮೇಲೆ ಆರೋಪ ಇರುವ ಅರ್ಜಿಗೆ ಮೇಲ್ನೋಟದ ಆಧಾರವಾದರೂ ಇದೆಯೇ ಅಂತ ನೋಡದೆ ಸಹಿ ಹಾಕಿದ ವಕೀಲರೂ ನಿಂದನೆಗೆ ಹೊಣೆ.

ಹಳೇ ಕಾಲದ ತೀರ್ಪು ಅಂತ ಬಿಡುವ ಹಾಗಿಲ್ಲ. 2025ರ ಜುಲೈನಲ್ಲಿ ಒಂದು ವರ್ಗಾವಣೆ ಅರ್ಜಿ ಸುಪ್ರೀಂ ಕೋರ್ಟ್ ಮುಂದೆ ಬಂತು. ಅದರಲ್ಲಿ ತೆಲಂಗಾಣ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರ ಮೇಲೆ ಆರೋಪಗಳಿದ್ದವು. ಅರ್ಜಿ ಹಿಂತೆಗೆದುಕೊಳ್ಳುತ್ತೇವೆ ಅಂದರೂ ಕೋರ್ಟು ಒಪ್ಪಲಿಲ್ಲ. ಕಕ್ಷಿದಾರರ ಜೊತೆ ವಕೀಲರಿಗೂ ನಿಂದನೆ ನೋಟಿಸ್ ಹೋಯಿತು. ಆ ಹೈಕೋರ್ಟ್ ನ್ಯಾಯಮೂರ್ತಿಯ ಮುಂದೆಯೇ ಹೋಗಿ ಕ್ಷಮೆ ಕೇಳಿ ಎಂದು ಆಗಸ್ಟ್‌ನಲ್ಲಿ ಹೇಳಿತು. ಆಗಲೂ ಆಧಾರವಾಗಿ ಎತ್ತಿದ್ದು ಅದೇ ಶರೀಫ್ ಪ್ರಕರಣ.

ಭಾರತೀಯ ವಕೀಲರ ಪರಿಷತ್ತಿನ ನಡತೆಯ ನಿಯಮಗಳೂ ಇದನ್ನೇ ಹೇಳುತ್ತವೆ. ವಕೀಲ ಕಕ್ಷಿದಾರನ ಬರೀ ಬಾಯಿ ಆಗಬಾರದು, ಪ್ಲೀಡಿಂಗ್‌ನಲ್ಲಿ ಹೀನಾಯ ಮಾತಿನ ದಾಳಿ ಮಾಡಬಾರದು, ಹಿಡಿತದ ಭಾಷೆ ಬಳಸಲು ತನ್ನದೇ ವಿವೇಚನೆ ಬಳಸಬೇಕು. ಅದೇ ನಿಯಮಗಳಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಯಾರೂ ಓದುವುದಿಲ್ಲ ಅನ್ನೋದು ನನಗೆ ಬೇಸರ. ನ್ಯಾಯಾಧೀಶರ ವಿರುದ್ಧ ಗಂಭೀರ ದೂರಿಗೆ ಸರಿಯಾದ ಕಾರಣ ಇದ್ದರೆ, ಅದನ್ನು ಸಂಬಂಧಪಟ್ಟವರಿಗೆ ಸಲ್ಲಿಸೋದು ವಕೀಲರ ಹಕ್ಕೂ ಹೌದು, ಕರ್ತವ್ಯವೂ ಹೌದು.

ಸಹಿಗೆ ಮುಂಚೆ ಈ ನಾಲ್ಕನ್ನು ನೋಡಿಕೊಳ್ಳಿ:

– ಅಫಿಡವಿಟ್‌ನಲ್ಲಿ ಕಕ್ಷಿದಾರರು ಕಣ್ಣಾರೆ ಕಂಡದ್ದು ಯಾವುದು, ಬೇರೆಯವರಿಂದ ಕೇಳಿದ್ದು ಯಾವುದು, ಬರೀ ನಂಬಿಕೆ ಯಾವುದು ಅಂತ ಬೇರೆ ಬೇರೆ ಬರೆದಿದೆಯೇ? ನಂಬಿಕೆ ಅಂದರೆ ಅದಕ್ಕೆ ಆಧಾರವನ್ನೂ ಹೇಳಬೇಕು.
– ಅಫಿಡವಿಟ್ ಸುಳ್ಳಾದರೆ ಸುಳ್ಳು ಸಾಕ್ಷ್ಯದ ಕೇಸು ಬರುತ್ತದೆ ಅಂತ ಕಕ್ಷಿದಾರರಿಗೆ ಅವರ ಭಾಷೆಯಲ್ಲಿ ಹೇಳಿದ್ದೀರಾ? ಹೊಸ ನ್ಯಾಯ ಸಂಹಿತೆಯ 229ನೇ ಸೆಕ್ಷನ್‌ನಲ್ಲಿ ಅದಕ್ಕೆ 7 ವರ್ಷದವರೆಗೆ ಶಿಕ್ಷೆ ಇದೆ.
– ವಕಾಲತ್ತಿನಲ್ಲಿ ನಾಲ್ಕು ಹೆಸರಿದ್ದರೆ, ನಾಲ್ವರೂ ಓದಿದ್ದಾರಾ? ಜೂನಿಯರ್‌ಗಳೇ, ಸೀನಿಯರ್ ಆಫೀಸಿನಲ್ಲಿಲ್ಲ ಅಂತ ಟೈಪಿಂಗ್ ಮುಗಿದ ತಕ್ಷಣ ಓದದೆ ಸಹಿ ಹಾಕಬೇಡಿ. ‘ಇದಕ್ಕೆ ನೀವೇ ಸಹಿ ಹಾಕಿ ಸರ್’ ಅನ್ನೋದು ಅವಿನಯ ಅಲ್ಲ.
– ಇಡೀ ರಾತ್ರಿ ಕಳೆದ ಮೇಲೆ, ಬೆಳಗ್ಗೆ ಮತ್ತೆ ಓದಿದ್ದೀರಾ?

ಕಕ್ಷಿದಾರರು ‘ಹಾಗೇ ಬರೀಬೇಕು, ಇಲ್ಲಾಂದ್ರೆ ಬೇರೆ ವಕೀಲರ ಹತ್ತಿರ ಹೋಗ್ತೀನಿ’ ಅಂದರೆ? ಹೋಗಲಿ. ಆದರೆ ಸುಮ್ನೆ ಕೈಬಿಡಬೇಡಿ. ಲಿಖಿತ ನೋಟಿಸ್ ಕೊಡಿ, ಬೇರೆಯವರನ್ನು ನೇಮಿಸಿಕೊಳ್ಳಲು ಸಾಕಷ್ಟು ಸಮಯ ಕೊಡಿ, ಕೋರ್ಟಿನ ಅನುಮತಿ ಪಡೆದು ಆ ಕೇಸಿನಿಂದ ನಿವೃತ್ತರಾಗಿ, ಮಾಡದ ಕೆಲಸದ ಫೀಸು ವಾಪಸ್ ಕೊಡಿ.

5. ದೂರು ನಿಜವಾಗಿದ್ದರೆ ಸರಿಯಾದ ಬಾಗಿಲು ತಟ್ಟಿ

ಹೆದರಿ ಸುಮ್ಮನಾಗೋದೂ ತಪ್ಪೇ. ಪಕ್ಷಪಾತದ ಆಕ್ಷೇಪಣೆ ಇದ್ದರೆ ಮೊದಲ ಅವಕಾಶದಲ್ಲೇ ಎತ್ತಬೇಕು. ಗೊತ್ತಿದ್ದೂ ಸುಮ್ಮನಿದ್ದು, ಸೋತ ಮೇಲೆ ಎತ್ತಿದರೆ ಹಕ್ಕು ಬಿಟ್ಟುಕೊಟ್ಟ ಹಾಗೆ ಎಂದು 1957ರ ಮಾಣಕ್ ಲಾಲ್ ಪ್ರಕರಣದಿಂದಲೂ ಸುಪ್ರೀಂ ಕೋರ್ಟ್ ಹೇಳುತ್ತಿದೆ.

ಹಿಂದೆ ಸರಿಯಲು ಕೋರುವುದು: ನ್ಯಾಯಾಧೀಶರು ಹಿಂದೆ ಇದೇ ವಿಷಯದಲ್ಲಿ ವಕೀಲರಾಗಿದ್ದರು, ಎದುರು ಪಾರ್ಟಿಯ ಹತ್ತಿರದ ನೆಂಟರು, ಇಂಥ ಗಟ್ಟಿ ಕಾರಣ ಇದ್ದಾಗ ಮಾತ್ರ. ಇಲ್ಲಿ ಅಳತೆಗೋಲು ಕಕ್ಷಿದಾರರ ಮನಸ್ಸಿನಲ್ಲಿ ಸಕಾರಣವಾದ ಆತಂಕ ಇದೆಯೇ ಅನ್ನೋದು. ನ್ಯಾಯಾಧೀಶರು ನಿಜವಾಗಿ ಪಕ್ಷಪಾತ ಮಾಡಿದ್ದಾರೆ ಅಂತ ನೀವು ಸಾಬೀತು ಮಾಡಬೇಕಿಲ್ಲ. ಅಂದಮೇಲೆ ಆ ಆರೋಪ ಬರೆಯುವ ಅಗತ್ಯವೂ ಇಲ್ಲ ಅಲ್ವಾ? ಸಂಬಂಧ ಏನು, ಯಾವಾಗಿನದು ಅಂತ ಹೇಳಿ ನಿಲ್ಲಿಸಿ.

ವರ್ಗಾವಣೆ: ಸಿವಿಲ್ ಕೇಸಿನಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಸೆಕ್ಷನ್. ಬೆಂಗಳೂರು ನಗರದೊಳಗೆ ಒಂದು ಸಿಸಿಎಚ್‌ನಿಂದ ಇನ್ನೊಂದಕ್ಕೆ, ಅಂದರೆ ಒಂದು ಸಿಟಿ ಸಿವಿಲ್ ಕೋರ್ಟ್ ಹಾಲ್‌ನಿಂದ ಇನ್ನೊಂದು ಹಾಲ್‌ಗೆ ಬೇಕಾದರೆ ಪ್ರಧಾನ ನಗರ ಸಿವಿಲ್ ಮತ್ತು ಸೆಷನ್ಸ್ ನ್ಯಾಯಾಧೀಶರ ಮುಂದೆ ಹೋಗಿ. ಕ್ರಿಮಿನಲ್ ಕೇಸಿನಲ್ಲಿ ಒಂದು ಹೊಂಡ ಇದೆ. ಒಂದೇ ಸೆಷನ್ಸ್ ವಿಭಾಗದೊಳಗೆ ವರ್ಗಾವಣೆ ಬೇಕಿದ್ದರೆ ಮೊದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 448ನೇ ಸೆಕ್ಷನ್ ಅಡಿ ಸೆಷನ್ಸ್ ನ್ಯಾಯಾಧೀಶರನ್ನು ಕೇಳಬೇಕು. ಅವರು ತಿರಸ್ಕರಿಸಿದ ಮೇಲಷ್ಟೇ 447ರ ಅಡಿ ಹೈಕೋರ್ಟು. ನೇರವಾಗಿ ಹೈಕೋರ್ಟಿಗೆ ಓಡಿದರೆ ಅರ್ಜಿ ನಿಲ್ಲುವುದಿಲ್ಲ. ಅಫಿಡವಿಟ್ ಕಡ್ಡಾಯ. ಅರ್ಜಿ ಹುರುಳಿಲ್ಲದ್ದು ಅಂತ ಕಂಡರೆ ಎದುರು ಪಾರ್ಟಿಗೆ ಹಣ ಕೊಡಿ ಅಂತ ಹೈಕೋರ್ಟು ಆದೇಶಿಸಬಹುದು. ಒಂದೆರಡು ಪ್ರತಿಕೂಲ ಆದೇಶ ಬಂದದ್ದೇ ವರ್ಗಾವಣೆಗೆ ಕಾರಣ ಆಗುವುದಿಲ್ಲ. ಅದಕ್ಕೆ ಮೇಲ್ಮನವಿ ಇದೆ.

ಆಡಳಿತಾತ್ಮಕ ದೂರು: ಕೆಳಗಿನ ಕೋರ್ಟುಗಳ ಮೇಲಿನ ಹಿಡಿತ ಸಂವಿಧಾನದ 235ನೇ ವಿಧಿ ಪ್ರಕಾರ ಹೈಕೋರ್ಟಿನದು. ನ್ಯಾಯಾಧೀಶರ ಪ್ರಾಮಾಣಿಕತೆಯ ಬಗ್ಗೆ ಆಧಾರ ಇದ್ದರೆ, ಪ್ರಮಾಣ ಮಾಡಿದ ಅಫಿಡವಿಟ್ ಮತ್ತು ಪರಿಶೀಲಿಸಬಹುದಾದ ದಾಖಲೆ ಸಮೇತ ಹೈಕೋರ್ಟಿನ ರಿಜಿಸ್ಟ್ರಾರ್ ವಿಜಿಲೆನ್ಸ್ ಅವರಿಗೆ ಕೊಡಿ. ನಿಂದನೆ ಕಾಯ್ದೆಯ 6ನೇ ಸೆಕ್ಷನ್ ನಿಮಗೆ ಇಲ್ಲಿ ರಕ್ಷಣೆ ಕೊಡುತ್ತದೆ. ಕೆಳ ನ್ಯಾಯಾಲಯದ ನ್ಯಾಯಾಧೀಶರ ಬಗ್ಗೆ ಪ್ರಾಮಾಣಿಕವಾಗಿ ಹೈಕೋರ್ಟಿಗೆ ಮಾಡಿದ ದೂರು ನಿಂದನೆ ಅಲ್ಲ. ಈ ಒಂದು ಸೆಕ್ಷನ್ ಗೊತ್ತಿಲ್ಲದೆ ಎಷ್ಟೋ ಜನ ಆರೋಪವನ್ನು ತಂದು ಅರ್ಜಿಯಲ್ಲಿ ಸುರಿಯುತ್ತಾರೆ. ಅಲ್ಲಿ ಬರೆದರೆ ರಕ್ಷಣೆ ಇರುತ್ತಿತ್ತು, ಇಲ್ಲಿ ಬರೆದು ಸಿಕ್ಕಿಬೀಳುತ್ತಾರೆ.

ಆದರೆ ಆ ರಕ್ಷಣೆ ಮೇಲಿನ ಕೋರ್ಟಿಗೆ ಕೊಟ್ಟ ದೂರಿಗೆ ಮಾತ್ರ. ಅದರ ಪ್ರತಿಯನ್ನು ವಕೀಲರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ, ಪತ್ರಿಕೆಗೆ ಕೊಟ್ಟರೆ, ಆ ಸೆಕ್ಷನ್ ನಿಮ್ಮ ಜೊತೆ ಬರುವುದಿಲ್ಲ. ದೂರಿನ ಪ್ರತಿಯನ್ನು ನಡೆಯುತ್ತಿರುವ ಕೇಸಿಗೆ ಲಗತ್ತಿಸಿ ‘ದೂರು ಕೊಟ್ಟಿದ್ದೇವೆ, ಆದ್ದರಿಂದ ಹಿಂದೆ ಸರಿಯಿರಿ’ ಅನ್ನೋದೂ ಬೇಡ. ಅದು ಬೇಕಾದ ಬೆಂಚ್ ಹುಡುಕುವ ಆಟದಂತೆ ಕಾಣುತ್ತದೆ.

ಹೈಕೋರ್ಟ್ ನ್ಯಾಯಮೂರ್ತಿಗಳ ವಿಷಯ ಬೇರೆ. 6ನೇ ಸೆಕ್ಷನ್ ಅವರಿಗೆ ಅನ್ವಯಿಸುವುದಿಲ್ಲ. ಅವರ ಬಗ್ಗೆ ದೂರು ಹೋಗಬೇಕಾದ್ದು ಆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಅಥವಾ ಭಾರತದ ಮುಖ್ಯ ನ್ಯಾಯಮೂರ್ತಿಗೆ. ಇಲ್ಲಿ ಒಬ್ಬರೇ ನಿರ್ಧಾರ ಮಾಡಬೇಡಿ. ಅನುಭವ ಇರುವ ಹಿರಿಯರೊಬ್ಬರಿಗೆ ಕಾಗದ ತೋರಿಸಿ.

6. ಈಗಾಗಲೇ ಫೈಲ್ ಆಗಿಬಿಟ್ಟಿದ್ದರೆ

ರಾತ್ರಿ ಫೋನ್ ಮಾಡುವವರಿಗೆ ನಾನು ಹೇಳೋದು ಇದು. ಕೋರ್ಟು ನೋಡಿ ಕೇಳುವವರೆಗೆ ಕಾಯಬೇಡಿ. ಆಫೀಸ್ ಆಬ್ಜೆಕ್ಷನ್ ಹಂತದಲ್ಲೇ ಇದ್ದರೆ, ಅಂದರೆ ರಿಜಿಸ್ಟ್ರಿ ಇನ್ನೂ ಲೋಪ ಪರಿಶೀಲಿಸುತ್ತಿದ್ದರೆ, ಆಗಲೇ ತಿದ್ದಿ. ನಂಬರ್ ಆಗಿ ಬೆಂಚ್ ಮುಂದೆ ಬಂದಿದ್ದರೆ, ಮೊದಲ ದಿನವೇ ಎದ್ದು ನಿಂತು ಆ ಪ್ಯಾರಾಗಳನ್ನು ಕೈಬಿಡುತ್ತೇವೆ ಎಂದು ಹೇಳಿ, ಮೆಮೊ ಕೊಡಿ.

ನೋಟಿಸ್ ಬಂದೇ ಬಿಟ್ಟರೆ ಕ್ರಮ ಹೀಗೆ. ಹೈಕೋರ್ಟು ತಾನಾಗಿಯೇ ನಿಂದನೆ ಪ್ರಕ್ರಿಯೆ ಶುರು ಮಾಡಬಹುದು, ಅಡ್ವೊಕೇಟ್ ಜನರಲ್ ಕೇಳಬಹುದು, ಅವರ ಲಿಖಿತ ಒಪ್ಪಿಗೆ ಪಡೆದು ಬೇರೆಯವರೂ ಕೇಳಬಹುದು. ಕೆಳಗಿನ ಕೋರ್ಟು ತನ್ನ ಮುಂದಿನ ನಿಂದನೆಯನ್ನು ಹೈಕೋರ್ಟಿಗೆ ಕಳಿಸಿಕೊಡುತ್ತದೆ. ಕ್ರಿಮಿನಲ್ ನಿಂದನೆಯನ್ನು ಕನಿಷ್ಠ ಇಬ್ಬರು ನ್ಯಾಯಮೂರ್ತಿಗಳ ಪೀಠ ಕೇಳುತ್ತದೆ. ನಿಂದನೆ ಆಯಿತು ಎನ್ನುವ ದಿನದಿಂದ ಒಂದು ವರ್ಷ ಕಳೆದ ಮೇಲೆ ಹೊಸದಾಗಿ ಪ್ರಕ್ರಿಯೆ ಶುರು ಮಾಡುವಂತಿಲ್ಲ. ಶಿಕ್ಷೆಯಾದರೆ ಸುಪ್ರೀಂ ಕೋರ್ಟಿಗೆ 60 ದಿನದೊಳಗೆ ಮೇಲ್ಮನವಿ ಹಾಕುವ ಹಕ್ಕಿದೆ. ನಿಮ್ಮ ಕೇಸನ್ನು ನೀವೇ ವಾದಿಸಬೇಡಿ. ನಿಮ್ಮ ಪರ ಬೇರೆ ವಕೀಲರು ನಿಲ್ಲಲಿ, ನೀವು ಪ್ರತಿ ತಾರೀಖಿಗೂ ಖುದ್ದಾಗಿ ಹಾಜರಾಗಿ.

ಕ್ಷಮೆಯ ಬಗ್ಗೆ ಒಂದು ಮಾತು. ಕಾಯ್ದೆಯಲ್ಲಿ ಕ್ಷಮೆಗೆ ಜಾಗ ಇದೆ, ಮನಃಪೂರ್ವಕವಾಗಿದ್ದರೆ ಕೋರ್ಟು ಬಿಟ್ಟುಬಿಡಬಹುದು. ಆದರೆ ಅದು ಗುರಾಣಿ ಅಲ್ಲ. 1984ರ ಎಲ್. ಡಿ. ಜೈಕ್ವಾಲ್ ಪ್ರಕರಣ ನೋಡಿ. ಉತ್ತರ ಪ್ರದೇಶದ ಒಬ್ಬ ಹಿರಿಯ ವಕೀಲರು ಕೋಟು ಗೌನು ಇಲ್ಲದೆ ಬಂದಿದ್ದರು. ನ್ಯಾಯಾಧೀಶರು ಸರಿಯಾದ ಉಡುಪಿನಲ್ಲಿ ಬನ್ನಿ ಅಂದರು. ಆಮೇಲೆ ಅವರು ಒಂದು ಲಿಖಿತ ಅರ್ಜಿಯಲ್ಲಿ ಅದೇ ನ್ಯಾಯಾಧೀಶರನ್ನು ಭ್ರಷ್ಟ ಎಂದು ಕರೆದರು. ಹೈಕೋರ್ಟು ಒಂದು ವಾರದ ಸೆರೆವಾಸ, 500 ರೂಪಾಯಿ ದಂಡ ಹಾಕಿತು. ಸುಪ್ರೀಂ ಕೋರ್ಟಿನಲ್ಲಿ ಕ್ಷಮೆ ಕೇಳಿದರು. ಹೊಡೆದು, ಸಾರಿ ಹೇಳಿ, ಮರೆತುಬಿಡುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು, ಶಿಕ್ಷೆ ಉಳಿಯಿತು. ಒಂದು ಕೋಟಿನ ವಿಷಯ ಅಲ್ಲಿಯವರೆಗೆ ಹೋಯಿತು.

ಆದ್ದರಿಂದ ಕ್ಷಮೆ ಕೇಳೋದಾದರೆ ಮೊದಲ ತಾರೀಖಿನಲ್ಲೇ ಕೇಳಿ. ಮೊದಲು ಸಮರ್ಥನೆ ಹಾಕಿ, ಅದು ನಡೆಯದಿದ್ದಾಗ ಕ್ಷಮೆ ಹಾಕಬೇಡಿ. ‘ಒಂದು ವೇಳೆ ಯಾರಿಗಾದರೂ ನೋವಾಗಿದ್ದರೆ’ ಅನ್ನೋ ವಾಕ್ಯ ಬೇಡ. ಕಕ್ಷಿದಾರರ ಮೇಲೆ, ಟೈಪಿಸ್ಟ್ ಮೇಲೆ ಹೊರಿಸಬೇಡಿ. ಅಫಿಡವಿಟ್‌ನಲ್ಲಿ ಇಷ್ಟಿದ್ದರೆ ಸಾಕು: ಇಂಥ ಅರ್ಜಿಯ ಇಂಥ ಪ್ಯಾರಾಗಳನ್ನು ನಾನು ಬರೆದೆ, ಸಹಿ ಹಾಕಿದೆ. ಅವುಗಳಿಗೆ ಆಧಾರ ಇರಲಿಲ್ಲ. ಅವನ್ನು ಪೂರ್ತಿಯಾಗಿ ಹಿಂತೆಗೆದುಕೊಳ್ಳುತ್ತೇನೆ. ಆ ನ್ಯಾಯಾಧೀಶರ ಬಳಿಯೂ ಈ ಕೋರ್ಟಿನ ಬಳಿಯೂ ಷರತ್ತಿಲ್ಲದೆ ಕ್ಷಮೆ ಕೇಳುತ್ತೇನೆ.